ಕೋಡಿ ಹೊಯ್ಗೆಯ ಮೇಲೆ ಏಳೇಳು ನಿಮಿಷದ ರಗ್ಬಿ

ಒಂದು ಒಗಟು ಕೇಳುತ್ತೇನೆ. ಒಂದು ಕಡೆಗೆ ಏಳು ಜನ ಆಡುವ ಆಟ. ನಮ್ಮವರು ಏಳೂ ಜನ ಇಳಿದರು. ಸ್ವಲ್ಪ ಹೊತ್ತು ಬಿಟ್ಟು ಎಣಿಸಿದರೆ ನಾಲ್ಕು. ಇನ್ನೂ ಸ್ವಲ್ಪ ಹೊತ್ತು ಬಿಟ್ಟು ಎಣಿಸಿದರೆ ನಮ್ಮವ ಒಬ್ಬನೇ, ಎದುರು ಪಾರ್ಟಿ ಪೂರ್ತಿ ಖಾಲಿ. ಯಾರಿಗೂ ಪೆಟ್ಟಾಗಿಲ್ಲ, ಯಾರನ್ನೂ ಹೊರಗೆ ಹಾಕಿಲ್ಲ, ಜಗಳ ಇಲ್ಲ, ಮಳೆ ಇಲ್ಲ. ಆಟ ಮಾತ್ರ ನಿಂತಿಲ್ಲ. ಆ ಒಬ್ಬನ ಕೈಯಲ್ಲಿ ಚೆಂಡು ಉಂಟು, ತಡೆಯಲಿಕ್ಕೆ ಒಂದು ನಾಯಿಯೂ ಇಲ್ಲ. ಆದರೂ ಅವನಿಗೆ ಒಂದು ಪಾಯಿಂಟ್ ಮಾಡಲಿಕ್ಕೆ ಆಗಲಿಲ್ಲ. ಎಂತಕ್ಕೆ?

ಬಿಡಿ, ನಿಮಗೆ ಗೊತ್ತಾಗುವುದಿಲ್ಲ. ನಾನು ಅಲ್ಲೇ ನಿಂತು ನೋಡಿದವ, ನನಗೇ ಅರ್ಧ ಗಂಟೆ ಹಿಡಿಯಿತು. ನಮ್ಮ ಕುಂದಾಪುರದ ಬದಿಯಲ್ಲಿ ಇಂಥದ್ದು ಆಗುತ್ತಲೇ ಇರುತ್ತದೆ. ಬೇರೆ ಊರಲ್ಲಿ ಒಂದು ಕೆಲಸ ಶುರು ಮಾಡಿದರೆ ಅದೇ ಕೆಲಸ ಮುಗಿಯುತ್ತದೆ. ನಮ್ಮಲ್ಲಿ ಶುರುವಾಗುವುದು ಒಂದು, ಮುಗಿಯುವುದು ಮತ್ತೊಂದು, ನಡುವೆ ಊಟ.

೧. ನಾವು ಅಂತಾರಾಷ್ಟ್ರೀಯ ಆದದ್ದು

ಮುಂಬೈಯಲ್ಲಿ ಹೋಟೆಲು ಇಟ್ಟ ನಮ್ಮೂರ ಧಣಿ ಒಬ್ಬರಿಗೆ ಅಲ್ಲಿ ಯಾರೋ ರಗ್ಬಿಯ ಹುಚ್ಚು ಹಿಡಿಸಿದರು. ಹದಿನೈದು ಜನರ ದೊಡ್ಡ ಆಟ ಅಲ್ಲ, ಏಳು ಜನರ ಸಣ್ಣ ಆಟ. ಏಳು ನಿಮಿಷ ಆಡುವುದು, ಎರಡು ನಿಮಿಷ ಉಸಿರು ಬಿಡುವುದು, ಮತ್ತೆ ಏಳು ನಿಮಿಷ. ಎದುರಿನವರ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಪಾಯಿಂಟು. ಇಷ್ಟೇ. ಧಣಿಗಳು ನಾಲ್ಕಾರು ದೇಶದ ಕ್ಲಬ್ಬುಗಳನ್ನು ಕರೆಸಿದರು. ಆಟ ನಮ್ಮ ಕೋಡಿ ಕಡಲ ಬದಿಯ ಗಟ್ಟಿ ಮರಳಿನ ಹೊಯ್ಗೆಯ ಮೇಲೆ, ಒಂದೇ ದಿನ, ಎಂಟು ತಂಡ.

ಏಳು ತಂಡ ಬಂದಿತು. ಎಂಟನೆಯದ್ದಕ್ಕೆ ವೀಸಾ ಸಿಗಲಿಲ್ಲ. ನೋಟೀಸಿನಲ್ಲಿ ಎಂಟು ಅಂತ ಅಚ್ಚಾಗಿ ಹೋಗಿದೆ. ಧಣಿಗಳು ಸಂಜೆ ನಮ್ಮ ಕಬಡ್ಡಿ ಅಂಗಳಕ್ಕೆ ಬಂದು, ಒಂದು ತಂಡಕ್ಕೆ ನೀವು ಎಷ್ಟು ಜನ ಅಂತ ಕೇಳಿದರು. ಏಳು ಅಂದೆವು. ರಗ್ಬಿಗೂ ಏಳು ಅಂದರು ಅವರು. ಲೆಕ್ಕ ಸರಿಯಾಯಿತು. ಅಲ್ಲಿಗೆ ನಾವು ಅಂತಾರಾಷ್ಟ್ರೀಯ.

ನಾಲ್ಕು ಜನ ಕಬಡ್ಡಿಯವರು. ದೂಡುವ ಕೆಲಸಕ್ಕೆ ತೂಕ ಬೇಕು ಅಂತ ಮೂರು ಜನ ಕೋಡಿಯ ದೋಣಿಯವರು. ಎಂಟನೆಯವ ನಾನು, ಯಾರಾದರೂ ಬಿದ್ದರೆ ಇಳಿಯಲಿಕ್ಕೆ. ಕ್ಯಾಪ್ಟನ್ ನಮ್ಮ ಬಸ್ರೂರಿನ ಅಣ್ಣ. ಸ್ಕೂಟರ್ ರಿಪೇರಿಯ ಗ್ಯಾರೇಜು ಇಟ್ಟವ, ಕಬಡ್ಡಿಯಲ್ಲಿ ಒಳ್ಳೆಯ ರೈಡರ್.

ಈ ಅಣ್ಣನಿಗೆ ಬೈಂದೂರಿನ ಒಂದು ಹೆಣ್ಣಿನ ಮೇಲೆ ಮನಸ್ಸು. ಹೆಣ್ಣಿಗೂ ಇವನ ಮೇಲೆ ಮನಸ್ಸು. ಅಡ್ಡ ಇರುವುದು ಹೆಣ್ಣಿನ ಅಪ್ಪ. ಅವರೂ ಹಳೆಯ ಕಬಡ್ಡಿಯವರೇ, ಮೊಣಗಂಟು ಹೋಗಿ ಬಿಟ್ಟದ್ದು. ಎರಡು ಸಲ ಜನ ಕಳಿಸಿ ಕೇಳಿದಾಗಲೂ, ಕಬಡ್ಡಿ ಆಡುವ ಹೈದರು ನಮ್ಮ ಓಣಿಯಲ್ಲೇ ಹತ್ತು ಜನ ಇದ್ದಾರೆ, ಇವನಲ್ಲಿ ವಿಶೇಷ ಎಂತ ಉಂಟು ಅಂತ ಕೇಳಿ ಕಳಿಸಿದ್ದರು. ಅಷ್ಟರಲ್ಲಿ ಬ್ರಹ್ಮಾವರದಿಂದ ಒಂದು ಸಂಬಂಧ ಬಂದಿತ್ತು, ಎರಡು ಜೇಸೀಬಿ ಇಟ್ಟ ಗಂಡು. ಅಣ್ಣ ಹೊರದೇಶದವರ ಮೇಲೆ ಆಡುತ್ತಾನೆ ಅಂತ ಗೊತ್ತಾದ ಮೇಲೆ ಹೆಣ್ಣಿನ ಅಪ್ಪ ಸ್ವಲ್ಪ ಬಗ್ಗಿದರು. ಮತ್ತೆ ಕೇಳಲಿಕ್ಕೆ ಹೋದವರ ಹತ್ತಿರ ಹೇಳಿದ್ದು ಹೀಗೆ:

"ಆಯ್ತ್, ಆ ದಿನ ನಾನೇ ಬತ್ತೆ. ನನ್ನ ಕಣ್ಣೆದ್ರಿಗೆ ಅವ ಒಂದ್ ಸಲ ಪಾಯಿಂಟ್ ಮಾಡ್ಲಿ. ಮಾಡಿರೆ ಹೆಣ್ಣ್ ಕೊಡುವ. ಇಲ್ದಿರೆ ಮರುದಿನವೇ ಬ್ರಹ್ಮಾವರದವ್ರಿಗೆ ಹೂಂ ಹೇಳ್ತೆ."

ಗೆಲ್ಲಬೇಕು ಅಂತ ಇಲ್ಲ, ಒಂದೇ ಒಂದು ಪಾಯಿಂಟು. ಅಣ್ಣ ಮೂರು ರಾತ್ರಿ ಮಲಗಲಿಲ್ಲ.

ಆಟದ ನಿಯಮ ಕಲಿಸುವ ಕೆಲಸ ನನ್ನ ತಲೆಗೆ ಬಂತು. ಎಸ್ಸೆಸ್ಸೆಲ್ಸಿಯ ಗಣಿತದಲ್ಲಿ ಎರಡು ಸಲ ನಪಾಸಾದವನ ಹತ್ತಿರ ಕಲಿಯುವುದಾ ಅಂತ ದೋಣಿಯವರು ಕೇಳಿದರು. ಆದರೆ ಮೊಬೈಲಿನಲ್ಲಿ ನೆಟ್ಟು ಇದ್ದದ್ದು ನನಗೇ. ಎರಡು ವಿಡಿಯೋ ನೋಡಿ ಚಂದ ಪಾಠ ಮಾಡಿದೆ. ಅದರಲ್ಲಿ ಒಂದು ಬೇರೆಯೇ ಆಟದ್ದು ಅಂತ ಗೊತ್ತಾದದ್ದು ಪಂದ್ಯದ ದಿನ ಬೆಳಿಗ್ಗೆ, ಹೊರದೇಶದವರು ಯಾರೂ ತಲೆಗೆ ಹೆಲ್ಮೆಟ್ ಹಾಕದೆ ಬಂದಾಗ. ಅಣ್ಣ ಅಷ್ಟರಲ್ಲಿ ಗ್ಯಾರೇಜಿನಿಂದ ಗಿರಾಕಿಗಳ ಏಳು ಹೆಲ್ಮೆಟ್ ತಂದು ಎಲ್ಲರ ತಲೆಗೂ ಹಾಕಿಸಿ, ಕೆಳಗೆ ಬೆಲ್ಟೂ ಬಿಗಿದಾಗಿತ್ತು.

೨. ಉದ್ಘಾಟನೆ

ನಮ್ಮಲ್ಲಿ ವಾಲಿಬಾಲ್ ಆಗಲಿ, ಕಬಡ್ಡಿ ಆಗಲಿ, ಸಭೆ ಆಗದೆ ಚೆಂಡು ಮುಟ್ಟುವ ಹಾಗಿಲ್ಲ. ದೀಪ ಹಚ್ಚಬೇಕು, ಸ್ವಾಗತ ಆಗಬೇಕು, ಅತಿಥಿಗಳಿಗೆ ಶಾಲು ಹೊದಿಸಬೇಕು, ಅವರು ಕ್ರೀಡೆಯಿಂದ ಆರೋಗ್ಯ ಬರುತ್ತದೆ ಅಂತ ಹೇಳಬೇಕು, ಆಟಗಾರರು ಸಾಲಾಗಿ ನಿಂತು ಕೈ ಕೊಡಬೇಕು. ಅಷ್ಟು ಹೊತ್ತು ಆಟಗಾರರು ಬಿಸಿಲಿಗೆ ನಿಂತು ಬೇಯಬೇಕು. ಇದು ಎಲ್ಲರಿಗೂ ಗೊತ್ತಿದ್ದದ್ದೇ.

ಗೊತ್ತಿಲ್ಲದವನು ರೆಫ್ರಿ ಒಬ್ಬ. ಬಿಳಿಯ, ಕೆಂಪು ಮೂಗಿನವ. ಅವನ ಕಾಗದದಲ್ಲಿ ಒಂಬತ್ತು ಗಂಟೆ ಅಂತ ಇತ್ತು. ಒಂಬತ್ತಕ್ಕೆ ಸರಿಯಾಗಿ ಸೀಟಿ ಊದಿದ. ವೇದಿಕೆಯಲ್ಲಿ ಮೈಕಿನ ಮಾಷ್ಟ್ರು ಆಗ ಸ್ವಾಗತ ಶುರು ಮಾಡಿದ್ದರಷ್ಟೆ. ನಮ್ಮೂರಿನ ಎಲ್ಲ ಕಾರ್ಯಕ್ರಮಕ್ಕೂ ಮೈಕು ಹಿಡಿಯುವವರು ಇವರೇ, ಹಿಡಿದದ್ದನ್ನು ಸುಲಭದಲ್ಲಿ ಬಿಡುವವರಲ್ಲ. ಅವರು ರೆಫ್ರಿಯನ್ನು ನೋಡಿದರು, ರೆಫ್ರಿ ಅವರನ್ನು ನೋಡಿದ, ಇಬ್ಬರೂ ತಮ್ಮ ತಮ್ಮ ಕೆಲಸ ಮುಂದುವರಿಸಿದರು.

ಐದನೆಯ ಅತಿಥಿಗೆ ಶಾಲು ಹೊದಿಸುವಾಗ ಮೊದಲ ಪಂದ್ಯ ಮುಗಿಯಿತು. ದೀಪ ಗಾಳಿಗೆ ಎರಡು ಸಲ ಆರಿ ಮೂರನೆಯ ಸಲ ಹತ್ತುವಾಗ ಎರಡನೆಯದ್ದೂ ಮುಗಿಯಿತು. ಜನ ಎತ್ತ ನೋಡುವುದು ಅಂತ ಗೊತ್ತಾಗದೆ ಒಂದು ಸಲ ಬಲಕ್ಕೆ, ಒಂದು ಸಲ ಎಡಕ್ಕೆ ಕುತ್ತಿಗೆ ತಿರುಗಿಸುತ್ತಿದ್ದರು. ಚಪ್ಪಾಳೆ ಯಾವುದಕ್ಕೆ ಬೀಳುತ್ತದೆ ಅಂತ ಭಾಷಣ ಮಾಡುವವರಿಗೂ ಗೊತ್ತಾಗಲಿಲ್ಲ. ಒಬ್ಬರು ಚಪ್ಪಾಳೆ ತಮಗೇ ಅಂತ ತಿಳಿದು ಇನ್ನೂ ಹತ್ತು ನಿಮಿಷ ಮಾತಾಡಿದರು.

ಕೊನೆಗೆ ಮುಖ್ಯ ಅತಿಥಿಗಳು ಚೆಂಡು ಒದ್ದು ಉದ್ಘಾಟಿಸಬೇಕು. ಅಷ್ಟರಲ್ಲಿ ಮೂರನೆಯ ಪಂದ್ಯ ಅರ್ಧ ಆಗಿತ್ತು. ಅವರು ಪಂಚೆ ಎತ್ತಿ ಕಟ್ಟಿ ಒದ್ದೇ ಬಿಟ್ಟರು. ಚೆಂಡು ನೇರ ಆಟದ ನಡುವೆ ಬಿತ್ತು. ಈಗ ಅಂಗಳದಲ್ಲಿ ಎರಡು ಚೆಂಡು. ಮಲೇಷ್ಯಾದವ ಒಂದನ್ನು ಹಿಡಿದು ಆಚೆ ಓಡಿದ, ಶ್ರೀಲಂಕಾದವ ಇನ್ನೊಂದನ್ನು ಹಿಡಿದು ಈಚೆ ಓಡಿದ, ಇಬ್ಬರೂ ಗೆರೆ ದಾಟಿ ಒತ್ತಿದರು. ರೆಫ್ರಿ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. ಮೈಕಿನ ಮಾಷ್ಟ್ರಿಗೆ ಮಾತ್ರ ಗೊಂದಲ ಇರಲಿಲ್ಲ. ಮಾನ್ಯ ಅತಿಥಿಗಳು ಒಂದೇ ಒದೆತಕ್ಕೆ ಪಾಯಿಂಟು ತಂದುಕೊಟ್ಟಿದ್ದಾರೆ, ಆದ್ದರಿಂದ ಅವರಿಗೆ ಇನ್ನೊಂದು ಶಾಲು ಅಂತ ಘೋಷಿಸಿದರು.

೩. ಅಣ್ಣ ಮುಟ್ಟಿ ಬಂದದ್ದು

ನಮ್ಮ ಮೊದಲ ಪಂದ್ಯ ಅದೇ ಶ್ರೀಲಂಕಾದವರ ಮೇಲೆ. ಬೈಂದೂರಿನ ಮಾವ ಎರಡನೆಯ ಸಾಲಿನಲ್ಲಿ ಕೂತಾಗಿತ್ತು. ಇಸ್ತ್ರಿ ಹಾಕಿದ ಬಿಳಿ ಅಂಗಿ, ದಪ್ಪ ಕನ್ನಡಕ, ಮೊಣಗಂಟಿಗೆ ಬಟ್ಟೆ ಪಟ್ಟಿ. ಅಣ್ಣನಿಗೆ ಮಾವ ಆಗಬೇಕಾದವರು ಅಂತ ನಾವೆಲ್ಲ ಅವರನ್ನು ಆಗಲೇ ಮಾವ ಮಾಡಿಕೊಂಡಿದ್ದೆವು.

ಎರಡನೆಯ ನಿಮಿಷದಲ್ಲಿ ಅಣ್ಣನ ಕೈಗೆ ಚೆಂಡು ಬಂತು. ಚೆಂಡು ಬಂದದ್ದೇ ಅಣ್ಣನಿಗೆ ಹನ್ನೆರಡು ವರ್ಷದ ಅಭ್ಯಾಸ ಮೈ ಮೇಲೆ ಬಂತು. ದೊಡ್ಡ ಉಸಿರು ಎಳೆದ, 'ಕಬಡ್ಡಿ ಕಬಡ್ಡಿ' ಅಂತ ಶುರು ಮಾಡಿ ನುಗ್ಗಿದ. ಅಂಥ ಓಟ ನಾನು ಕಂಡಿಲ್ಲ. ಒಬ್ಬನ ಕೈಯಡಿ ನುಸುಳಿದ, ಇನ್ನೊಬ್ಬನಿಗೆ ಸೊಂಟ ತಿರುಗಿಸಿ ಚಳ್ಳೆಹಣ್ಣು ತಿನ್ನಿಸಿದ. ಎದುರಿನ ಗೆರೆಗೆ ಹೆಚ್ಚೆಂದರೆ ನಾಲ್ಕು ಮಾರು. ಅಲ್ಲಿ ನಿಂತ ಮೂವರಲ್ಲಿ ಒಬ್ಬನ ಹೆಗಲು, ಒಬ್ಬನ ಮಂಡಿ, ಒಬ್ಬನ ಬೆನ್ನು ಬೆರಳ ತುದಿಯಲ್ಲಿ ಮುಟ್ಟಿದ.

ಮುಟ್ಟಿದವ ತಿರುಗಿ ಹಿಂದಕ್ಕೆ ಓಡಿ ಬಂದ.

ನಡುಗೆರೆ ದಾಟಿದರೂ ನಿಲ್ಲಲಿಲ್ಲ. ಸಂಶಯ ಬೇಡ ಅಂತ ನಮ್ಮದೇ ಕೊನೆಯ ಗೆರೆಯ ವರೆಗೆ ಬಂದು, ಚೆಂಡನ್ನು ಮೆಲ್ಲ ಇಟ್ಟು, ಉಸಿರು ಬಿಟ್ಟು, ಎರಡೂ ಕೈ ಎತ್ತಿದ. ನಮ್ಮ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಒಂದೇ ರೈಡಿನಲ್ಲಿ ಮೂರು ಅಂತ ಮೈಕಿನಲ್ಲೂ ಬಂತು. ಬೈಂದೂರಿನ ಮಾವನೂ ಮೊಣಗಂಟು ಮರೆತು ಎದ್ದಿದ್ದರು. ಹೊರದೇಶದ ತಂಡದವರು ಮಾತ್ರ ಇದ್ದಲ್ಲೇ ನಿಂತು ಒಬ್ಬರ ಮುಖ ಒಬ್ಬರು ನೋಡಿದರು. ಇಂಥ ಆಟ ಅವರು ಎಲ್ಲಿಯೂ ಆಡಿಲ್ಲ ಕಾಣುತ್ತದೆ.

ಅಣ್ಣ ಅವರ ಹತ್ತಿರ ಹೋಗಿ, ಮುಟ್ಟಿದ ಮೂವರಿಗೂ ಹೊರಗೆ ಹೋಗಿ ಅಂತ ಕೈ ಮಾಡಿದ. ಅವನ ಮುಖದಲ್ಲಿ ಅಷ್ಟು ಧೈರ್ಯ ಇತ್ತು ನೋಡಿ, ಅದರಲ್ಲಿ ಒಬ್ಬ ಸಾರಿ ಅಂತ ಹೇಳಿ ಹೊರಗೆ ಹೋಗಿಯೇ ಬಿಟ್ಟ.

೪. ಮಾವನ ಪಕ್ಕದ ಕುರ್ಚಿ

ಮುಟ್ಟಿದ ಮೂರು ಬೋರ್ಡಿಗೆ ಬರಲೇ ಇಲ್ಲ. ನಲವತ್ತು ಚಿಲ್ಲರೆಗೆ ಸೊನ್ನೆಯಲ್ಲಿ ಸೋತು ಬಂದ ಅಣ್ಣ ನನ್ನನ್ನು ತೆಂಗಿನ ಮರದ ಹಿಂದೆ ಕರೆದ. ಮಾವ ಹೊರಡುವ ಅಂದಾಜಿನಲ್ಲಿ ಇದ್ದಾರೆ, ನೀನು ಹೋಗಿ ಪಕ್ಕದಲ್ಲಿ ಕೂತು ಆಟ ವಿವರಿಸು, ಎಂತ ಬೇಕಾದರೂ ಹೇಳು, ಎದ್ದು ಹೋಗದ ಹಾಗೆ ನೋಡಿಕೋ ಅಂದ. ಎಂತ ಬೇಕಾದರೂ ಹೇಳು ಅಂತ ನನ್ನಂಥವನಿಗೆ ಹೇಳಬಾರದಿತ್ತು.

ಒಂದು ಎಳನೀರು ಹಿಡಿದುಕೊಂಡು ಹೋಗಿ ಕೂತು, ಮಾವ, ಬೊಂಡ ಕುಡಿತ್ರಿಯಾ ಅಂದೆ.

"ಯಾರಿಗೆ ಮಾವ? ಇನ್ನೂ ಆಯ್ಲಿಲ್ಲ. ಬೊಂಡ ಕೊಡು."

ಬೊಂಡದ ಜೊತೆ ಮೊದಲ ಪ್ರಶ್ನೆ ಬಂತು. ಮುಂದಕ್ಕೆ ಓಡುವವರು ಚೆಂಡನ್ನು ಹಿಂದಿನವನಿಗೆ ಎಂತಕ್ಕೆ ಕೊಡುವುದು? ಈ ಪ್ರಶ್ನೆಗೆ ಉತ್ತರ ನನಗೆ ಗೊತ್ತಿಲ್ಲ, ಇವತ್ತಿಗೂ ಗೊತ್ತಿಲ್ಲ. ಹಿಂದಿರುವವ ಪ್ರಾಯದಲ್ಲಿ ದೊಡ್ಡವ, ಹಿರಿಯರಿಗೆ ಕೊಟ್ಟೇ ಮುಂದೆ ಹೋಗಬೇಕು ಅಂತ ಅವರಲ್ಲಿ ಕ್ರಮ ಉಂಟು ಅಂದೆ. ಮಾವ ಗೊತ್ತಿದ್ದವರ ಹಾಗೆ ತಲೆಯಾಡಿಸಿದರು. ಈ ಮನುಷ್ಯ ಗೊತ್ತಿಲ್ಲ ಅಂತ ಬಾಯಿ ಬಿಟ್ಟು ಹೇಳುವ ಜಾತಿ ಅಲ್ಲ ಅಂತ ನನಗೆ ಆಗ ಅಂದಾಜಾಯಿತು. ಆಮೇಲೆ ನನಗೆ ಹಿಡಿತವೇ ಇರಲಿಲ್ಲ.

ಚೆಂಡು ಹೊರಗೆ ಹೋದಾಗ ಒಬ್ಬನನ್ನು ಇಬ್ಬರು ಎತ್ತಿ ಹಿಡಿದರು. ಅದು ಎಂತದ್ದು ಅಂದರು. ದೂರದ ಬೋರ್ಡಿನಲ್ಲಿ ಎಷ್ಟು ಪಾಯಿಂಟು ಬರೆದಿದ್ದಾರೆ ಅಂತ ನೋಡಿ ಉಳಿದವರಿಗೆ ಹೇಳಲಿಕ್ಕೆ ಅಂದೆ. ಮೂರು ಮೂರು ಜನ ತಲೆಗೆ ತಲೆ ಕೊಟ್ಟು ಬಗ್ಗಿ ನಿಂತರು. ಜಗಳ ಆಗದ ಹಾಗೆ ಗುಟ್ಟಿನಲ್ಲಿ ಮಾತುಕತೆ ಮುಗಿಸುವುದು ಅಂದೆ. ಅದಕ್ಕೂ ತಲೆಯಾಡಿಸಿ, ಒಳ್ಳೆ ಕ್ರಮ ಅಂದರು.

ಸ್ವಲ್ಪ ಹೊತ್ತಿನಲ್ಲಿ ಹಿಂದಿನ ಸಾಲಿನವರು ಅದನ್ನೇ ಮಾವನ ಹತ್ತಿರ ಕೇಳಿದರು. ಮಾವ ತಿರುಗಿ ಕೂತು ವಿವರಿಸಿದರು. ಅವರು ತಮ್ಮ ಹಿಂದಿನವರಿಗೆ ದಾಟಿಸಿದರು. ಕೊನೆಗೆ ಅದು ವೇದಿಕೆ ಹತ್ತಿತು. ತಮ್ಮ ಸಂಸ್ಕೃತಿಗೆ ಅನುಗುಣವಾಗಿ ಚೆಂಡನ್ನು ಹಿರಿಯರಿಗೆ ಒಪ್ಪಿಸುವ ಈ ವಿದೇಶಿ ಯುವಕರನ್ನು ನೋಡಿ ನಮ್ಮ ಮಕ್ಕಳು ಕಲಿಯಬೇಕು ಅಂತ ಮೈಕಿನ ಮಾಷ್ಟ್ರು ಹೇಳಿದಾಗ ಇಡೀ ಕೋಡಿ ಕೈ ತಟ್ಟಿತು.

ಊಟದ ಹೊತ್ತಿಗೆ ಮಾವ ಮೀನು ಸಾರಿನ ತಟ್ಟೆ ಹಿಡಿದುಕೊಂಡು ನನ್ನನ್ನೇ ಹತ್ತಿರ ಕರೆದು, ಚೆಂಡನ್ನು ಹಿಂದಕ್ಕೆ ಎಂತಕ್ಕೆ ಕೊಡುವುದು ಅಂತ ನಿನಗೆ ಗೊತ್ತುಂಟಾ ಅಂತ ಕೇಳಿದರು. ಇಲ್ಲ ಅಂದೆ. ಈಗಿನ ಹೈದರಿಗೆ ಎಂತದ್ದೂ ಗೊತ್ತಿಲ್ಲ ಅಂತ ಬೈದು, ಪೂರ್ತಿ ಹೇಳಿಕೊಟ್ಟರು.

೫. ಒಗಟಿನ ಉತ್ತರ

ಎರಡನೆಯ ಪಂದ್ಯ ದುಬೈಯಿಂದ ಬಂದ ಕ್ಲಬ್ಬಿನ ಮೇಲೆ. ಹೆಸರಿಗೆ ದುಬೈ, ಆಡುವವರಲ್ಲಿ ಅರ್ಧಕ್ಕರ್ಧ ಕೇರಳದ ಕಡಲ ಬದಿಯ ಹುಡುಗರು. ಈ ಸಲ ಅಣ್ಣನಿಗೆ ನಾನು ಒಂದೇ ಮಾತು ಹೇಳಿ ಕಳಿಸಿದ್ದೆ, ಯಾರನ್ನೂ ಮುಟ್ಟಬೇಡ, ತಿರುಗಿ ಬರಬೇಡ ಅಂತ.

ಆಟ ಎರಡನೆಯ ಅರ್ಧಕ್ಕೆ ಬಂದಿತ್ತು. ದೋಣಿಯವರು ಮೂವರೂ ಒಳ್ಳೆ ತಡೆಯುತ್ತಿದ್ದರು. ಅಷ್ಟರಲ್ಲಿ ಕಡಲ ಬದಿಯಿಂದ ಒಂದು ಕೂಗು ಬಂತು. ದಡದ ಹತ್ತಿರವೇ ನೀರು ಕಪ್ಪಾಗಿದೆ, ಬೂತಾಯಿ ಮೀನಿನ ಹಿಂಡು ಬಂದಿದೆ, ಬಲೆ ಬಿಟ್ಟಾಗಿದೆ, ಹಗ್ಗಕ್ಕೆ ಜನ ಬೇಕು ಅಂತ.

ನಮ್ಮಲ್ಲಿ ಕೈರಂಪಣಿ ಅಂತ ಉಂಟು. ಸಣ್ಣ ದೋಣಿಯಲ್ಲಿ ಹೋಗಿ ಬಲೆಯನ್ನು ಅರ್ಧ ಚಕ್ರದ ಹಾಗೆ ಬಿಟ್ಟು, ಎರಡೂ ಕಡೆಯ ಹಗ್ಗವನ್ನು ದಡದಲ್ಲಿ ನಿಂತು ಜನ ಎಳೆಯುವುದು. ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಮೀನಿನಲ್ಲಿ ಪಾಲು. ಯಾರು, ಎಲ್ಲಿಯವ ಅಂತ ಕೇಳುವ ಕ್ರಮ ಇಲ್ಲ. ಕೂಗು ಕೇಳಿದ ಮೇಲೆ ದೋಣಿಯವರಿಗೆ ರಗ್ಬಿ ಉಂಟಾ, ಅಂತಾರಾಷ್ಟ್ರೀಯ ಉಂಟಾ? ಮೂವರೂ ಅಲ್ಲಿಂದಲೇ ಓಡಿದರು. ಅಲ್ಲಿಗೆ ನಾವು ನಾಲ್ಕು. ಎದುರು ಪಾರ್ಟಿಯ ಮಲಯಾಳಿ ಹುಡುಗರಿಗೂ ಕೂಗಿನ ಅರ್ಥ ಆಯಿತು, ಅವರೂ ಓಡಿದರು. ಇವರು ಎಲ್ಲಿಗೆ ಓಡುತ್ತಾರೆ ಅಂತ ಅವರ ಉಳಿದವರೂ ಹಿಂದೆಯೇ ಹೋದರು. ನಮ್ಮ ಬಾಕಿ ಮೂವರು ಕಬಡ್ಡಿಯವರು ಒಂದು ಕ್ಷಣ ಅಣ್ಣನ ಮುಖ ನೋಡಿದರು, ಒಂದು ಕ್ಷಣ ಬಲೆ ನೋಡಿದರು, ಹೋದರು.

ಅಂಗಳದಲ್ಲಿ ಉಳಿದವರು ಇಬ್ಬರೇ. ಚೆಂಡು ಹಿಡಿದ ಅಣ್ಣ, ಗಡಿಯಾರ ನೋಡುವ ರೆಫ್ರಿ. ಗಡಿಯಾರ ನಿಲ್ಲುವುದಿಲ್ಲ ಅಂತ ರೆಫ್ರಿ ಕೈಸನ್ನೆ ಮಾಡಿದ.

ಅಣ್ಣ ನಡೆದುಕೊಂಡೇ ಗೆರೆಯ ಹತ್ತಿರ ಹೋದ. ಇನ್ನು ಬಗ್ಗಿ ಒತ್ತುವುದೊಂದೇ ಬಾಕಿ. ಒತ್ತುವ ಮೊದಲು ಮಾವ ನೋಡುತ್ತಿದ್ದಾರಾ ಅಂತ ಎರಡನೆಯ ಸಾಲಿನತ್ತ ಕಣ್ಣು ಹಾಕಿದ. ಮಾವ ಇಲ್ಲ. ಅವರೂ ಹಗ್ಗದಲ್ಲಿ ಇದ್ದಾರೆ. ಪಂಚೆ ಎತ್ತಿ ಕಟ್ಟಿ, ಕಾಲು ಹೊಯ್ಗೆಯಲ್ಲಿ ಊರಿ, ಈಚೆಗೆ ಬೆನ್ನು ಹಾಕಿ ಎಳೆಯುತ್ತಿದ್ದಾರೆ.

ಕಣ್ಣೆದುರಿಗೆ ಮಾಡಬೇಕು ಅಂತಲ್ಲವಾ ಮಾತು. ಅಣ್ಣ ಕೂಗಿದ.

"ಹ್ವಾಯ್, ಒಂಚೂರ್ ಈಚೆ ಕಾಣಿ."

ಮಾವನಿಗೆ ಕೇಳಲಿಲ್ಲ. ಅಣ್ಣ ಇನ್ನೊಮ್ಮೆ ಕೂಗಿದ. ನಾನು ಓಡಿ ಹೋಗಿ ಮಾವನ ಅಂಗಿ ಎಳೆದು, ಅಣ್ಣ ಕರೆಯುತ್ತಾನೆ ಅಂದೆ. ಅವನಿಗೂ ಬಂದು ಹಗ್ಗ ಹಿಡಿಯಲಿಕ್ಕೆ ಹೇಳು, ಸುಮ್ಮನೆ ನಿಂತವರಿಗೆ ಪಾಲಿಲ್ಲ ಅಂದರು ಮಾವ, ತಿರುಗದೆ. ಅಣ್ಣ ಗೆರೆಯ ಮೇಲೆ ಚೆಂಡು ಎತ್ತಿ ಹಿಡಿದು ನಿಂತೇ ಇದ್ದ. ರೆಫ್ರಿ ಅವನಿಗೆ ಒತ್ತು, ಒತ್ತು ಅಂತ ಇಂಗ್ಲಿಷಿನಲ್ಲಿ ಹೇಳಿ ಹೇಳಿ ಕೊನೆಗೆ ತಾನೇ ಬಗ್ಗಿ ತೋರಿಸಿದ. ಒಂದ್ನಿಮಿಷ, ಒಂದ್ನಿಮಿಷ ಅಂತ ಅಣ್ಣ. ಆ ಒಂದು ನಿಮಿಷದಲ್ಲೇ ಏಳು ನಿಮಿಷ ಮುಗಿಯಿತು, ಸೀಟಿ ಬಿತ್ತು.

ಆ ಪಂದ್ಯದಲ್ಲಿ ಅಣ್ಣನಿಗೆ ಸಿಕ್ಕಿದ್ದು ಸೊನ್ನೆ. ಮಾವನಿಗೆ ಸಿಕ್ಕಿದ್ದು ಒಂದು ಚೀಲ ಬೂತಾಯಿ. ದುಬೈಯವರಿಗೆ ಎರಡು ಚೀಲ.

೬. ನೀರಿನೊಳಗಿನ ಗೆರೆ

ಇನ್ನು ಉಳಿದದ್ದು ಕೊನೆಯ ಪಂದ್ಯ, ಫಿಜಿ ದ್ವೀಪದ ಕ್ಲಬ್ಬಿನ ಮೇಲೆ. ಒಬ್ಬೊಬ್ಬನ ತೊಡೆ ನನ್ನ ಸೊಂಟದಷ್ಟು. ಮಾವ ಮೀನಿನ ಚೀಲ ಕುರ್ಚಿಯ ಅಡಿಗೆ ಇಟ್ಟು, ಇದಿಷ್ಟು ಮುಗಿದ ಮೇಲೆ ಬ್ರಹ್ಮಾವರಕ್ಕೆ ಫೋನು ಮಾಡಬೇಕು ಅಂತ ನನಗೆ ಕೇಳುವ ಹಾಗೆ ಹೇಳಿದರು. ಅಣ್ಣನ ಮುಖ ಬಸಳೆ ಬಾಡಿದ ಹಾಗೆ ಆಗಿತ್ತು.

ಅಷ್ಟರಲ್ಲಿ ಮತ್ತೊಂದು ರಗಳೆ. ಅಂಗಳಕ್ಕೆ ಗೆರೆ ಎಳೆದವರು ಹೊರಗಿನವರು. ಬೆಳಿಗ್ಗೆ ಕಡಲು ಇಳಿದಾಗ ಬಂದು, ಅಷ್ಟಗಲ ಹೊಯ್ಗೆ ಕಂಡು ಖುಷಿಯಾಗಿ, ಅಂಗಳದ ಒಂದು ತಲೆಯನ್ನು ಕಡಲಿನ ಕಡೆಗೇ ಇಟ್ಟಿದ್ದರು. ನಾಲ್ಕು ಗಂಟೆಗೆ ಭರತ, ಅಂದರೆ ಕಡಲಿನ ಉಬ್ಬರ, ಏರಿ ಬಂತು. ಆ ತಲೆಯ ಗೆರೆ ನೀರಿನೊಳಗೆ ಹೋಯಿತು. ಗೆರೆಯ ಮೇಲೆ ನೆಟ್ಟ ಎರಡು ಕಂಬ ಮಾತ್ರ ಸೊಂಟದಷ್ಟು ನೀರಿನಲ್ಲಿ ನಿಂತಿತ್ತು. ದೋಣಿಯ ಹಿರಿಯರೊಬ್ಬರನ್ನು ಕೇಳಿದರೆ, ಸಂಜೆ ಹೀಗಾಗುತ್ತದೆ ಅಂತ ನನಗೆ ಗೊತ್ತಿತ್ತು, ಕೇಳಿದ್ದರೆ ಹೇಳುತ್ತಿದ್ದೆ, 'ನನ್ನತ್ರ ಯಾರೂ ಕೇಂಡಿದ್ದಿಲ್ಲ' ಅಂದರು. ರೆಫ್ರಿ ತುಂಬ ಯೋಚನೆ ಮಾಡಿ, ಕಂಬ ಇರುವ ತನಕ ಗೆರೆ ಉಂಟು ಅಂತ ತೀರ್ಪು ಕೊಟ್ಟ. ಎರಡನೆಯ ಅರ್ಧದಲ್ಲಿ ನಾವು ಪಾಯಿಂಟು ಮಾಡಬೇಕಾದ ಕಡೆ ಅದೇ.

ನಮ್ಮ ಒಬ್ಬ ಕಬಡ್ಡಿಯವನ ಕಾಲು ಉಳುಕಿ ನಾನೂ ಇಳಿದೆ. ಆಟ ಮುಗಿಯಲಿಕ್ಕೆ ಅರ್ಧ ನಿಮಿಷ ಇರುವಾಗ ನೀರಿನ ಅಂಚಿನಲ್ಲಿ ಮೂರು ಮೂರು ಜನ ತಲೆಗೆ ತಲೆ ಕೊಟ್ಟು ದೂಡುವ ಸಂದರ್ಭ ಬಂತು. ಕಡಲಿಗೆ ಮುಖ ಮಾಡಿ ನಮ್ಮ ದೋಣಿಯ ಮೂವರು, ಕಡಲಿಗೆ ಬೆನ್ನು ಹಾಕಿ ಫಿಜಿಯ ಮೂವರು. ನಡುವೆ ಚೆಂಡು ಹಾಕುವ ಕೆಲಸ ನನ್ನದು. ಹಿಂದೆ ಅಣ್ಣ.

ದೋಣಿಯವರಲ್ಲಿ ದೊಡ್ಡವ ಬಗ್ಗಿ ನಿಂತಲ್ಲಿಂದಲೇ ತನ್ನವರಿಗೆ ಹೇಳಿದ್ದು ನನಗೆ ಕೇಳಿತು.

"ಇದ್ ದೋಣಿ ಇಳ್ಸುದೇ ಅಲ್ದನಾ? ಇಷ್ಟೊತ್ತು ಎಂತಕ್ ಒದ್ದಾಡ್ದ್ ಮಾರಾಯಾ."

ಹೇಳಿದವ 'ಐಲೇಸಾ' ಅಂತ ಕೂಗಿದ. ಉಳಿದಿಬ್ಬರು ದನಿ ಕೂಡಿಸಿದರು.

ಈಗ ನೀವು ಒಂದು ತಿಳಿದುಕೊಳ್ಳಬೇಕು. ನಮ್ಮ ದಡದಲ್ಲಿ ದೋಣಿ ನೂಕುವ ಆ ದನಿ ಕೇಳಿದರೆ ಸುಮ್ಮನೆ ನಿಂತು ನೋಡುವ ಹಾಗಿಲ್ಲ. ದಾರಿಯಲ್ಲಿ ಹೋಗುವವನೂ ಬಂದು ಹೆಗಲು ಕೊಡಬೇಕು, ಕೊಡದಿದ್ದರೆ ಮರುದಿನ ಅವನನ್ನು ಯಾರೂ ಮಾತಾಡಿಸುವುದಿಲ್ಲ. ದನಿ ಕೇಳಿದ್ದೇ ಜನ ಎದ್ದರು. ಎಂತ ನೂಕುವುದು ಅಂತ ಯಾರೂ ಕೇಳಲಿಲ್ಲ. ಇಪ್ಪತ್ತು ಜನ, ಮೂವತ್ತು ಜನ ಬಂದು ದೋಣಿಯವರ ಬೆನ್ನಿಗೆ ಹೆಗಲು ಹಚ್ಚಿದರು. ಎರಡು ಶಾಲಿನ ಮುಖ್ಯ ಅತಿಥಿಗಳು ಬಂದರು. ಬೋರ್ಡು ಬರೆಯುವವ ಬಂದ. ಮೈಕಿನ ಮಾಷ್ಟ್ರು ಮೈಕಿನ ಸಮೇತ ಬಂದರು, ಐಲೇಸಾ ಈಗ ಲೌಡ್ ಸ್ಪೀಕರಿನಲ್ಲೂ ಬಂತು. ಎಲ್ಲರಿಗಿಂತ ಮೊದಲು ಬಂದವರು ಬೈಂದೂರಿನ ಮಾವ. ಹಳೆಯ ಮೊಣಗಂಟು, ಆದರೂ ತಲೆ ತಗ್ಗಿಸಿ ಅಣ್ಣನ ಬೆನ್ನಿಗೇ ಹೆಗಲು ಕೊಟ್ಟರು.

ಫಿಜಿಯವರು ಎಷ್ಟು ಗಟ್ಟಿಗರಾದರೂ ಅಷ್ಟು ಜನರನ್ನು ತಡೆಯಲಿಕ್ಕೆ ಆಗುತ್ತದಾ? ಇಡೀ ಗುಂಪು ದೋಣಿಯ ಹಾಗೆ ನೀರಿಗೆ ಇಳಿಯಿತು. ನಾನು ಚೆಂಡು ಹಾಕಿದವ ಕೈ ತೆಗೆಯಲಿಕ್ಕೆ ಪುರುಸೊತ್ತಾಗದೆ ನಡುವಿನಲ್ಲೇ ಸಿಕ್ಕಿಬಿದ್ದಿದ್ದೆ. ನೀರು ಮಂಡಿಗೆ, ಸೊಂಟಕ್ಕೆ ಬಂತು, ಕಂಬಗಳೂ ದಾಟಿದವು, ಆಮೇಲೆ ಎದೆ. ಒಂದು ದೊಡ್ಡ ತೆರೆ ಬಂದು ಎಲ್ಲರನ್ನೂ ಒಟ್ಟಿಗೆ ಮಗುಚಿ ಹಾಕಿತು.

ತೆರೆ ಇಳಿಯಿತು. ಎಲ್ಲೆಲ್ಲೂ ಶಾಲು, ಚಪ್ಪಲಿ, ತಲೆಗಳು. ಅಣ್ಣ ಮಾತ್ರ ಕಾಣುವುದಿಲ್ಲ. ಎಲ್ಲರೂ ಉಸಿರು ಹಿಡಿದು ನೋಡುತ್ತಿದ್ದಾರೆ. ಒಂದು ಎಣಿಸಿದರು, ಎರಡು ಎಣಿಸಿದರು. ಕಬಡ್ಡಿಯವನ ಉಸಿರು ಅಲ್ಲವಾ, ಮೂವತ್ತಾದರೂ ಮೇಲೆ ಬರಲಿಲ್ಲ. ಆಮೇಲೆ ಎರಡು ಕಂಬಗಳ ಆಚೆ, ಸರಿ ನಡುವಿನಲ್ಲಿ, ನೀರು ಬಿರಿದು ಅಣ್ಣ ಎದ್ದ. ಎಡಗೈಯಲ್ಲಿ ಚೆಂಡು, ಚೆಂಡಿನ ತುಂಬ ಕಡಲಡಿಯ ಹೊಯ್ಗೆ. ಒತ್ತಿಯೇ ಎದ್ದದ್ದು ಅಂತ ಅದೇ ಹೇಳುತ್ತಿತ್ತು. ಕುತ್ತಿಗೆ ಮಟ್ಟದ ನೀರಿನಲ್ಲಿ ನಿಂತ ರೆಫ್ರಿ ಕೈ ಎತ್ತಿದ. ಫಿಜಿಯವರೇ ಅಣ್ಣನನ್ನು ಹೆಗಲ ಮೇಲೆ ಕೂರಿಸಿ ದಡಕ್ಕೆ ತಂದರು.

ಇಲ್ಲಿಗೆ ನಿಲ್ಲಿಸಿದ್ದರೆ ಚಂದ ಇತ್ತು. ಆದರೆ ಬರೆಯುವಾಗ ಸ್ವಲ್ಪ ಆದರೂ ನಿಜ ಇರಬೇಕು ಅಂತ ಹೇಳುತ್ತಾರೆ. ತೆರೆ ಮಗುಚಿದ ವರೆಗೆ ನಡೆದದ್ದು. ಅಲ್ಲಿಂದ ಮುಂದೆ ನಾನು ಕಟ್ಟಿದ್ದು. ಆ ಹೊತ್ತಿಗೆ ನಾನು ನೀರಿನ ಅಡಿಯಲ್ಲಿ ಕಣ್ಣು ಮುಚ್ಚಿಕೊಂಡಿದ್ದೆ, ನನ್ನ ಮೇಲೆ ಒಬ್ಬ ಫಿಜಿಯವ ಕೂತಿದ್ದ. ನಾನು ಮೇಲೆ ಬಂದು ನೋಡುವಾಗ ಅಣ್ಣ ಕಂಬ ಹಿಡಿದು ಕೆಮ್ಮುತ್ತಿದ್ದ, ರೆಫ್ರಿ ತನ್ನ ಸೀಟಿ ಹುಡುಕುತ್ತಿದ್ದ, ಚೆಂಡು ಯಾರ ಕೈಯಲ್ಲೂ ಇರಲಿಲ್ಲ. ಮಾವ ಕನ್ನಡಕ ಕಳೆದುಕೊಂಡು ಕೈಯಲ್ಲಿ ಗಾಳಿ ತಡಕುತ್ತಾ ಬಂದು ನನ್ನ ಭುಜ ಹಿಡಿದರು. ಚೆಂಡಿನ ಹತ್ತಿರ ಇದ್ದವ ನೀನೇ, ಎಂತ ಆಯಿತು ಹೇಳು ಅಂದರು.

ಮೇಲೆ ಬರೆದೆನಲ್ಲ, ಅದನ್ನು ಅಲ್ಲೇ ನಿಂತ ಕಾಲಿನಲ್ಲಿ ಕಟ್ಟಿ ಹೇಳಿದೆ. ಮಾವ ಪೂರ್ತಿ ಕೇಳಿದರು, ಗೊತ್ತಿದ್ದವರ ಹಾಗೆ ತಲೆಯಾಡಿಸಿದರು.

"ಹೌದ್, ಹಾಂಗೇ ಆದ್ದ್. ನಾನೂ ಕಂಡಿದೆ. ನೀನ್ ಬಲಗೈ ಅಂತ ಹೇಳ್ದೆ ಕಾಣ್, ಅದೊಂದ್ ತಪ್ಪ್. ಚೆಂಡ್ ಇದ್ದದ್ದ್ ಎಡಗೈಲಿ."

ಮುಂದಿನ ತಿಂಗಳು ಬೈಂದೂರಿನಲ್ಲಿ ಅಣ್ಣನ ಮದುವೆ. ಹಾಗಾಗಿ ಮೇಲಿನ ಕತೆಯಲ್ಲಿ ಎಡಗೈ ಅಂತ ಇರುವುದು ಮಾವನದ್ದು. ಉಳಿದದ್ದೆಲ್ಲ ನಾನು ಕಟ್ಟಿದ್ದು.